ಒಂದೇ ರೊಟ್ಟಿ, ಹಲವು ಪಂಕ್ತಿ

ಬೆಂಗಳೂರು–ಮೈಸೂರು ದಾರಿಯಲ್ಲಿ ಓಡಾಡುವವರಿಗೆ ಮದ್ದೂರು ಎಂದರೆ ವಡೆ, ಮಂಡ್ಯ ಎಂದರೆ ಸಕ್ಕರೆ, ಮಳವಳ್ಳಿ ಎಂದರೆ ಶಿವನಸಮುದ್ರದ ಕಡೆಗೆ ತಿರುಗುವ ರಸ್ತೆ. 2023ರ ಮಾರ್ಚ್‌ನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಅಷ್ಟೂ ಉಳಿದಿಲ್ಲ. ಕಾರುಗಳು ಊರೊಳಗೆ ಇಣುಕದೆ ಹೊರಗಿಂದ ಹೊರಗೇ ಹಾರಿಹೋಗುತ್ತವೆ. ಆದರೆ ಭಾನುವಾರ ಬೆಳಗಿನ ಹೊತ್ತು ಹಳೆಯ ರಸ್ತೆಯನ್ನೇ ಹಿಡಿದು ಬರುವವರ ಕಣ್ಣಿಗೆ, ಗಮನಿಸಿದರೆ, ಒಂದು ನೋಟ ಬೀಳುತ್ತದೆ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡಸರು, ಕಂಕುಳಲ್ಲಿ ಬೈಬಲ್ ಇರುಕಿಕೊಂಡ ಹುಡುಗರು ಒಂದೇ ಬಸ್ಸಿನಿಂದ ಇಳಿಯುತ್ತಾರೆ. ಇಳಿದವರು ಒಬ್ಬರಿಗೊಬ್ಬರು ಕೈಮುಗಿದು ಬೇರೆ ಬೇರೆ ಬೀದಿ ಹಿಡಿಯುತ್ತಾರೆ.

ಹೊರಟಿರುವುದು ಮಾತ್ರ ಎಲ್ಲರೂ ಒಂದು ಊಟಕ್ಕೇ. ಸಾಯುವ ಹಿಂದಿನ ರಾತ್ರಿ ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರೊಡನೆ ಕುಳಿತು ರೊಟ್ಟಿ ಮುರಿದು ಹಂಚಿದ, ದ್ರಾಕ್ಷಾರಸದ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸಿದ, ತನ್ನ ನೆನಪಿಗಾಗಿ ಹೀಗೆ ಮಾಡುತ್ತಿರಿ ಎಂದ. ಜಗತ್ತಿನ ಕ್ರೈಸ್ತರು ಎರಡು ಸಾವಿರ ವರ್ಷಗಳಿಂದ ಅದನ್ನು ಮಾಡುತ್ತಲೇ ಬಂದಿದ್ದಾರೆ. ಹೇಗೆ ಮಾಡಬೇಕು, ಯಾರೊಡನೆ ಮಾಡಬೇಕು ಎಂಬಲ್ಲಿ ಮಾತ್ರ ಒಮ್ಮತವಿಲ್ಲ. ಆ ಭಿನ್ನಮತದ ಒಂದು ಸಣ್ಣ ನಕಾಶೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಹರಡಿಕೊಂಡಿದೆ. ಇಲ್ಲಿ ಕ್ರೈಸ್ತರ ಸಂಖ್ಯೆ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಆದರೂ ಪಂಕ್ತಿಗಳು ಮಾತ್ರ ಹಲವು.

ಹೆಸರಿನಲ್ಲೇ ಇದೆ ಕಥೆ

ಮದ್ದೂರಿನಂಥ ತಾಲ್ಲೂಕು ಕೇಂದ್ರದಲ್ಲಿ ಕ್ರೈಸ್ತರ ನಾಲ್ಕು ಮನೆ ಸುತ್ತಿದರೆ ಈ ಊಟಕ್ಕೆ ನಾಲ್ಕು ಹೆಸರು ಕಿವಿಗೆ ಬೀಳುತ್ತವೆ. ಕಥೋಲಿಕರ ಬಾಯಲ್ಲಿ ಅದು 'ಪರಮಪ್ರಸಾದ'. ಅದನ್ನು ಕೊಡುವ ಆರಾಧನೆ 'ಬಲಿಪೂಜೆ', ರೂಢಿಯಲ್ಲಿ ಬರೀ 'ಪೂಜೆ'. ಸಿ.ಎಸ್.ಐ. ಸಭೆಯವರು 'ಕರ್ತನ ಭೋಜನ' ಎನ್ನುತ್ತಾರೆ. ಬಾಡಿಗೆ ಹಾಲ್‌ಗಳಲ್ಲಿ, ಮನೆಯ ಪಡಸಾಲೆಗಳಲ್ಲಿ ಸೇರುವ ಪೆಂತೆಕೊಸ್ತ್ ಮತ್ತು ಬ್ರದರನ್ ಮಂದಿಗೆ ಅದು 'ರೊಟ್ಟಿ ಮುರಿಯುವುದು'. ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕರಿಗೆ 'ಕುರ್ಬಾನ'.

ಇವು ಒಂದೇ ವಸ್ತುವಿನ ನಾಲ್ಕು ಪರ್ಯಾಯ ಪದಗಳೆಂದು ಸುಮ್ಮನಾಗುವಂತಿಲ್ಲ. ಪ್ರಸಾದ ಎನ್ನುವವರ ಪಾಲಿಗೆ ಅದು ಮೇಲಿನಿಂದ ಕೆಳಗೆ ಬರುವ ಅನುಗ್ರಹ, ದೇವರೇ ತನ್ನನ್ನು ಕೊಟ್ಟುಕೊಳ್ಳುವ ರೀತಿ. ಭೋಜನ ಎನ್ನುವವರ ಪಾಲಿಗೆ ಅದು ಕರ್ತನು ಯಜಮಾನನಾಗಿ ಕರೆದ ಔತಣ. ರೊಟ್ಟಿ ಮುರಿಯುವುದು ಎನ್ನುವವರಿಗೆ ಆತನ ಮರಣವನ್ನು ನೆನೆಯುವ, ನಂಬಿದವರೆಲ್ಲ ಸೇರಿ ಮಾಡುವ ಸರಳವಾದ ಕಾರ್ಯ. ಕುರ್ಬಾನ ಎಂದರೆ ಅರ್ಪಣೆ, ಕಾಣಿಕೆ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯ ಬಳಗಕ್ಕೆ ಸೇರಿದ ಸಿರಿಯಾಕ್ ನುಡಿಯ ಪದವಿದು. ಬಕ್ರೀದ್ ಹಬ್ಬದಂದು ಮುಸ್ಲಿಮರು ಹೇಳುವ 'ಕುರ್ಬಾನಿ' ಇದರ ಹತ್ತಿರದ ನೆಂಟ. ಎರಡರ ಬೇರು ಒಂದೇ, ಅದರ ಮೂಲಾರ್ಥ 'ಹತ್ತಿರ ಬರುವುದು' ಎಂದು.

ಕಬ್ಬಿನ ನಾಡಿಗೆ ಹೊರಗಿನ ಗೋಧಿ

ಮದ್ದೂರಿನ ಸುತ್ತ ಎತ್ತ ನೋಡಿದರೂ ಕಬ್ಬು, ಭತ್ತ, ರಾಗಿ, ತೆಂಗು. ಈ ಊಟಕ್ಕೆ ಬೇಕಾದ ಎರಡು ಪದಾರ್ಥಗಳು, ಎಂದರೆ ಗೋಧಿ ಮತ್ತು ದ್ರಾಕ್ಷಿ, ಈ ನೆಲದ ಬೆಳೆಗಳಲ್ಲ. ಆದರೂ ಕಥೋಲಿಕರ ನಿಯಮ ಕಟ್ಟುನಿಟ್ಟು. ರೊಟ್ಟಿ ಅಪ್ಪಟ ಗೋಧಿಯದೇ ಆಗಬೇಕು. ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಸಹಜವಾಗಿ ಹುದುಗಿದ್ದಾಗಬೇಕು. ಬೇರೇನನ್ನೂ ಬೆರೆಸುವಂತಿಲ್ಲ. 2004ರಲ್ಲಿ ರೋಮ್ ಹೊರಡಿಸಿದ ಸೂಚನೆ ಹಣ್ಣು, ಸಕ್ಕರೆ, ಜೇನು ಬೆರೆತ ರೊಟ್ಟಿ ಸಲ್ಲದೆಂದು ಮತ್ತೊಮ್ಮೆ ಸ್ಪಷ್ಟಪಡಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದಂದಿನಿಂದ ಊರಿಗೆಲ್ಲ ಸಿಹಿ ಹಂಚಿದ ಮಂಡ್ಯದ ಸಕ್ಕರೆಗೆ ಈ ಒಂದು ಊಟದ ಮನೆಗೆ ಪ್ರವೇಶವಿಲ್ಲ.

ಆ ರೊಟ್ಟಿಯನ್ನು ನೋಡದವರು ನಮ್ಮ ಚಪಾತಿಯನ್ನು ಕಲ್ಪಿಸಿಕೊಳ್ಳಬಾರದು. ಗೋಧಿ ಹಿಟ್ಟನ್ನು ನೀರಲ್ಲಿ ತೆಳ್ಳಗೆ ಕಲಸಿ, ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತಿ ಬೇಯಿಸಿ, ರೂಪಾಯಿ ನಾಣ್ಯದ ಆಕಾರಕ್ಕೆ ಕತ್ತರಿಸಿದ ಬಿಳಿಯ ಬಿಲ್ಲೆ ಅದು. ಹುಳಿ ಇಲ್ಲ, ಉಪ್ಪಿಲ್ಲ, ರುಚಿಯೆಂಬುದೂ ಇಲ್ಲ. ಸಾಮಾನ್ಯವಾಗಿ ಕನ್ಯಾಮಠಗಳ ಸಿಸ್ಟರುಗಳು ಇದನ್ನು ತಯಾರಿಸುತ್ತಾರೆ.

ಸಿ.ಎಸ್.ಐ. ಸಭೆಗಳಲ್ಲಿ ಇಷ್ಟು ಬಿಗಿಯಿಲ್ಲ. ಕೆಲವೆಡೆ ಬಿಲ್ಲೆ, ಕೆಲವೆಡೆ ಬೇಕರಿಯ ಬ್ರೆಡ್ಡನ್ನೇ ಚೌಕ ಚೌಕವಾಗಿ ಕತ್ತರಿಸಿದ ತುಣುಕು. ದ್ರಾಕ್ಷಾರಸದ ಬದಲು ಹುದುಗು ಬಾರದ ದ್ರಾಕ್ಷಿ ರಸ. ಇದರ ಹಿಂದೆ ಒಂದು ಕುತೂಹಲದ ಸಂಗತಿಯಿದೆ. ಹತ್ತೊಂಬತ್ತನೇ ಶತಮಾನದ ಮೆಥೊಡಿಸ್ಟರು ಮದ್ಯಪಾನದ ಕಡು ವಿರೋಧಿಗಳು. ವಾರವಿಡೀ ಕುಡಿತ ಬಿಡಿ ಎಂದು ಬೋಧಿಸಿ ಭಾನುವಾರ ವೈನ್ ಕೊಡುವುದು ಹೇಗೆ ಎಂಬ ಇಕ್ಕಟ್ಟು ಅವರದಾಗಿತ್ತು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯ ದ್ರಾಕ್ಷಿ ರಸವನ್ನು ಕಾಯಿಸಿ, ಹುದುಗದಂತೆ ಬಾಟಲಿಯಲ್ಲಿ ಕೆಡದೆ ಇಡುವ ವಿಧಾನ ಕಂಡುಕೊಂಡ. ಅವನ ಉದ್ದೇಶ ಈ ಊಟವೊಂದೇ ಆಗಿತ್ತು. ಇಂದು ಅಂಗಡಿಗಳಲ್ಲಿ ದೊರೆಯುವ ಬಾಟಲಿ ದ್ರಾಕ್ಷಿ ರಸದ ವ್ಯಾಪಾರ ಅಲ್ಲಿಂದ ಬೆಳೆಯಿತು.

ಕುಡಿಯುವ ರೀತಿಯಲ್ಲೂ ವ್ಯತ್ಯಾಸ. ಒಂದು ಕಡೆ ಎಲ್ಲರ ತುಟಿಗೂ ಒಂದೇ ಬಟ್ಟಲು. ಇನ್ನೊಂದು ಕಡೆ ಔಷಧಿ ಅಳೆಯುವ ಲೋಟದಷ್ಟು ಚಿಕ್ಕ ಗಾಜಿನ ಲೋಟಗಳು, ತಟ್ಟೆಯಲ್ಲಿ ಸಾಲಾಗಿ. ಒಂದೇ ಬಟ್ಟಲು ಬೇಕೆನ್ನುವವರು ಒಗ್ಗಟ್ಟಿನ ಮಾತು ಹೇಳಿದರೆ, ಬೇರೆ ಬೇರೆ ಲೋಟ ಎನ್ನುವವರು ಆರೋಗ್ಯದ ಮಾತು ಹೇಳುತ್ತಾರೆ. ಎಂಜಲಿನ ವಿಚಾರದಲ್ಲಿ ನಮ್ಮವರ ಸೂಕ್ಷ್ಮವನ್ನು ಬಲ್ಲವರಿಗೆ ಈ ಚರ್ಚೆಯ ಒಳಮರ್ಮ ಬಿಡಿಸಿ ಹೇಳಬೇಕಿಲ್ಲ. 2020ರ ಕೊರೊನಾ ಕಾಲದಲ್ಲಿ ಆರೋಗ್ಯದ ಮಾತಿಗೇ ಬಲ ಬಂತು. ನಾಲಿಗೆಯ ಮೇಲೆ ಪ್ರಸಾದ ಪಡೆಯುತ್ತಿದ್ದ ಎಷ್ಟೋ ಹಿರಿಯ ಕಥೋಲಿಕರು ಆಗ ಅಂಗೈ ಚಾಚುವುದನ್ನು ರೂಢಿ ಮಾಡಿಕೊಂಡರು.

ಉಳಿದದ್ದನ್ನು ಏನು ಮಾಡುತ್ತಾರೆ?

ರೊಟ್ಟಿಯ ಬಗ್ಗೆ ಯಾರ ನಂಬಿಕೆ ಏನೆಂದು ತಿಳಿಯಲು ದೇವಶಾಸ್ತ್ರದ ದಪ್ಪ ಗ್ರಂಥ ಓದಬೇಕಿಲ್ಲ. ಆರಾಧನೆ ಮುಗಿದ ಮೇಲೆ ಉಳಿದ ರೊಟ್ಟಿಯನ್ನು ಏನು ಮಾಡುತ್ತಾರೆ ಎಂದು ನೋಡಿದರೆ ಸಾಕು.

ಕಥೋಲಿಕರು ಉಳಿದ ಬಿಲ್ಲೆಗಳನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುತ್ತಾರೆ. ಅದರ ಮುಂದೆ ಹಗಲಿರುಳು ಒಂದು ದೀಪ ಉರಿಯುತ್ತದೆ. ಆ ಪೆಟ್ಟಿಗೆಯ ಮುಂದೆ ಹಾದುಹೋಗುವವರು ಮಂಡಿಯೂರಿ ವಂದಿಸುತ್ತಾರೆ. ಕಾಯಿಲೆಯಲ್ಲಿ ಮಲಗಿದವರ ಮನೆಗೆ ಅಲ್ಲಿಂದಲೇ ಪ್ರಸಾದ ಹೋಗುತ್ತದೆ. ಪೂಜೆಯಲ್ಲಿ ಗುರುಗಳು ಯೇಸುವಿನ ಮಾತುಗಳನ್ನು ಉಚ್ಚರಿಸಿದಾಗ ರೊಟ್ಟಿ ಹೊರಗಣ್ಣಿಗೆ ರೊಟ್ಟಿಯಾಗಿಯೇ ಉಳಿದರೂ ಒಳಗಿನ ಸತ್ವದಲ್ಲಿ ಕ್ರಿಸ್ತನ ಶರೀರವೇ ಆಗುತ್ತದೆ ಎಂಬುದು ಅವರ ವಿಶ್ವಾಸ. 1215ರ ಲ್ಯಾಟೆರನ್ ಸಭೆ ಇದನ್ನು ಸೂತ್ರದ ಮಾತಿನಲ್ಲಿ ಹೇಳಿತು, 1551ರಲ್ಲಿ ಟ್ರೆಂಟ್ ಸಭೆ ಖಚಿತಪಡಿಸಿತು. ಒಂದು ಚೂರು ನೆಲಕ್ಕೆ ಬಿದ್ದರೂ ಅದನ್ನು ಭಕ್ತಿಯಿಂದ ಎತ್ತಿಕೊಳ್ಳಬೇಕು. ಕ್ರೈಸ್ತರಲ್ಲದ ಕನ್ನಡಿಗರಿಗೆ ಇದು ತೀರ ಅಪರಿಚಿತವಾದ ಭಾವವಲ್ಲ. ಪ್ರಸಾದ ಕೆಳಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ಎತ್ತಿಕೊಳ್ಳುವ ಅಜ್ಜಿಯರು ಎಲ್ಲ ಮನೆಗಳಲ್ಲೂ ಇದ್ದರು.

ಸಿ.ಎಸ್.ಐ. ಸಭೆಗಳಲ್ಲಿ ಉಳಿದದ್ದನ್ನು ಸಾಮಾನ್ಯವಾಗಿ ಅಲ್ಲೇ ಗೌರವದಿಂದ ಸೇವಿಸಿ ಮುಗಿಸುತ್ತಾರೆ. ಕ್ರಿಸ್ತ ಈ ಊಟದಲ್ಲಿ ನಿಜವಾಗಿ ಇರುತ್ತಾನೆ, ಆದರೆ ಹೇಗೆ ಎಂದು ಅಳೆದು ಹೇಳುವುದು ಬೇಡ ಎಂಬುದು ಅಲ್ಲಿನ ಹಲವರ ನಿಲುವು. ಬ್ರದರನ್ ಕೂಟದಲ್ಲಿ ಉಳಿದದ್ದು ಬರೀ ರೊಟ್ಟಿ. ನೆನಪು ಮುಗಿದ ಮೇಲೆ ಅದಕ್ಕೆ ವಿಶೇಷವಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ಸುಧಾರಣೆಯ ಇಬ್ಬರು ಧುರೀಣರು, ಲೂಥರ್ ಮತ್ತು ಜ್ವಿಂಗ್ಲಿ, ಇದೇ ವಿಷಯಕ್ಕೆ ಎದುರುಬದುರು ಕುಳಿತರು. 'ಇದು ನನ್ನ ಶರೀರ' ಎಂಬಲ್ಲಿ 'ಇದು' ಎಂದರೆ ಇದೇ ಎಂದ ಲೂಥರ್, ಆ ವಾಕ್ಯವನ್ನು ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದಿಟ್ಟು ಜಗ್ಗಲಿಲ್ಲ. 'ಇದು ಸೂಚಿಸುತ್ತದೆ' ಎಂದು ಜ್ವಿಂಗ್ಲಿ. ಉಳಿದ ಎಲ್ಲ ವಿಷಯಗಳಲ್ಲಿ ಬಹುಪಾಲು ಒಪ್ಪಿದವರು ಈ ಒಂದರಲ್ಲಿ ಬೇರೆಯಾದರು. ಆ ಮೇಜಿನ ಬಿರುಕು ಐದು ಶತಮಾನ ದಾಟಿ ಮಂಡ್ಯ ಸೀಮೆಯ ಮನೆಗಳವರೆಗೂ ಬಂದಿದೆ.

ಮಳವಳ್ಳಿ ದಾರಿಯ ಮನೆಗಳು

ಮದ್ದೂರಿನಿಂದ ದಕ್ಷಿಣಕ್ಕೆ ತಿರುಗಿ ಸುಮಾರು 25 ಕಿ.ಮೀ. ಹೋದರೆ ಮಳವಳ್ಳಿ. ಇಲ್ಲಿಂದ ಒಂದು ದಾರಿ ಕೊಳ್ಳೇಗಾಲದ ಕಡೆಗೆ, ಇನ್ನೊಂದು ಹಲಗೂರಿನ ಮೂಲಕ ಕನಕಪುರದ ಕಡೆಗೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಹಳೆಯ ಕನ್ನಡ ಕಥೋಲಿಕರ ಊರು. ಹೀಗೆ ಎರಡೂ ಕಡೆಯ ನೆಂಟಸ್ತಿಕೆ ಕೂಡುವ ಜಾಗವಿದು. ನೆಂಟಸ್ತಿಕೆ ಎಂದ ಮೇಲೆ ಮದುವೆ, ಮದುವೆ ಎಂದ ಮೇಲೆ ಈ ಊಟದ ಪ್ರಶ್ನೆ.

ಕ್ರೈಸ್ತರ ಸಂಖ್ಯೆ ಕಡಿಮೆ ಇರುವಲ್ಲಿ ಸಂಬಂಧ ಹುಡುಕುವವರು ಪಂಗಡವನ್ನು ಬಹಳ ನೋಡುತ್ತ ಕೂರುವಂತಿಲ್ಲ. ಕಥೋಲಿಕರ ಹುಡುಗಿ ಸಿ.ಎಸ್.ಐ. ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಅತ್ತೆಯ ಮನೆಯ ಸಭೆಯಲ್ಲಿ ಆಕೆಯನ್ನು ಕರ್ತನ ಭೋಜನಕ್ಕೆ ಕರೆಯುತ್ತಾರೆ. ದೀಕ್ಷಾಸ್ನಾನ ಪಡೆದು ತಮ್ಮ ತಮ್ಮ ಸಭೆಯಲ್ಲಿ ಭೋಜನಕ್ಕೆ ಸೇರುವ ಇತರ ಸಭೆಯವರಿಗೂ ಅಲ್ಲಿ ಸ್ವಾಗತವಿದೆ. ಆದರೆ ತವರಿನ ನಿಯಮ ಅವಳು ಅಲ್ಲಿ ತಿನ್ನಬಾರದು ಎನ್ನುತ್ತದೆ. ತವರಿನ ಹಬ್ಬಕ್ಕೆ ಗಂಡನನ್ನು ಕರೆತಂದರೆ ಅವನು ಪೂಜೆಯಲ್ಲಿ ಕೂರಬಹುದು, ಹಾಡಬಹುದು. ಪ್ರಸಾದದ ಸಾಲು ಮುಂದೆ ಸಾಗುವಾಗ ಮಾತ್ರ ಅವನು ಬೆಂಚಿನಲ್ಲೇ ಉಳಿಯಬೇಕು. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 844ನೇ ಕಲಮು ಹೇಳುವುದು ಇದನ್ನೇ. ಸಾವಿನ ಅಪಾಯದಂಥ ಕೆಲವು ಸಂದರ್ಭಗಳಿಗೆ, ಪೂರ್ವದೇಶದ ಪುರಾತನ ಸಭೆಗಳವರಿಗೆ ಅದರಲ್ಲಿ ವಿನಾಯಿತಿ ಇದೆ. ದಿನನಿತ್ಯದ ದಾಂಪತ್ಯಕ್ಕೆ ಇಲ್ಲ.

ಈ ನಿಯಮದ ಹಿಂದೆ ಒಂದು ತರ್ಕವಿದೆ. ಒಂದೇ ತಟ್ಟೆಯಲ್ಲಿ ತಿನ್ನುವುದು ಒಂದೇ ಮನೆತನ ಎಂಬುದರ ಗುರುತು. ಮನೆತನ ಒಡೆದಿರುವಾಗ ಒಟ್ಟಿಗೆ ತಿಂದು ಇಲ್ಲದ ಒಗ್ಗಟ್ಟನ್ನು ಇದೆ ಎಂದು ತೋರಿಸುವುದು ಸುಳ್ಳಾಗುತ್ತದೆ ಎಂದು ಕಥೋಲಿಕರು ವಾದಿಸುತ್ತಾರೆ. ಪ್ರತಿವಾದಿಗಳು ಹೇಳುವುದು ಬೇರೆ. ಊಟ ಹಾಕಿದವನು ಕರ್ತ, ಬಾಗಿಲಲ್ಲಿ ನಿಂತು ಲೆಕ್ಕ ಕೇಳಲು ನಾವು ಯಾರು? ಒಟ್ಟಿಗೆ ಕುಳಿತು ಉಂಡರೆ ತಾನೇ ಒಡೆದ ಮನೆ ಕೂಡುವುದು? ಎರಡು ವಾದಗಳಲ್ಲೂ ಹುರುಳಿದೆ. ಅದಕ್ಕೇ ಜಗಳ ತೀರುತ್ತಿಲ್ಲ.

ಹಾಗೆಂದು ಬಾಗಿಲು ಕಾಯುವುದು ಕಥೋಲಿಕರಲ್ಲಿ ಮಾತ್ರ ಎಂದುಕೊಳ್ಳಬೇಕಿಲ್ಲ. ಸಿ.ಎಸ್.ಐ.ಗಿಂತ ಹಿಂದೆ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಮೆಥೊಡಿಸ್ಟ್ ಪರಂಪರೆಯದು. ಆ ಪರಂಪರೆಯಲ್ಲಿ ಸದಸ್ಯರ ನಡತೆ ವಿಚಾರಿಸಿ ಮೂರು ತಿಂಗಳಿಗೊಮ್ಮೆ ಟಿಕೆಟ್ ಕೊಡುತ್ತಿದ್ದರು. ಟಿಕೆಟ್ ಇದ್ದವರಿಗೆ ಭೋಜನ. ಪೆಂತೆಕೊಸ್ತ್, ಬ್ರದರನ್ ಕೂಟಗಳಲ್ಲಿ ಬುದ್ಧಿ ಬಂದ ಮೇಲೆ ಪೂರ್ತಿ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ರೊಟ್ಟಿ ಎಂಬ ನಿಯಮ ಸಾಮಾನ್ಯ. ಹಸುಗೂಸಿಗೆ ತಲೆಯ ಮೇಲೆ ನೀರು ಹೊಯ್ದದ್ದು ಅವರ ಲೆಕ್ಕಕ್ಕೆ ಬಾರದು. ಹೀಗಾಗಿ ಒಂದೇ ಮನೆಯ ಅಣ್ಣ ಕಥೋಲಿಕನಾಗಿ ಉಳಿದು ತಮ್ಮ ಪ್ರಾರ್ಥನಾ ಕೂಟಕ್ಕೆ ಸೇರಿದರೆ, ಇಬ್ಬರೂ ಪರಸ್ಪರರ ರೊಟ್ಟಿಯಿಂದ ಹೊರಗೆ.

ಮಕ್ಕಳ ವಿಚಾರದಲ್ಲೂ ಹೀಗೆಯೇ. ಕಥೋಲಿಕರ ಮಕ್ಕಳು ಏಳೆಂಟು ವರ್ಷಕ್ಕೆ ಬಿಳಿ ಬಟ್ಟೆ ತೊಟ್ಟು ಪ್ರಥಮ ಪರಮಪ್ರಸಾದ ಪಡೆಯುತ್ತಾರೆ. ಹಿಂದೆ ಇನ್ನೂ ದೊಡ್ಡವರಾಗುವ ತನಕ ಕಾಯಬೇಕಿತ್ತು. 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು ವಯಸ್ಸನ್ನು ಇಳಿಸಿದರು. ಕೇರಳದ ಆರ್ಥಡಾಕ್ಸ್, ಯಾಕೋಬಾಯ ಸಭೆಗಳಲ್ಲಾದರೋ ದೀಕ್ಷಾಸ್ನಾನದ ದಿನವೇ ಕೂಸಿನ ಬಾಯಿಗೂ ಕುರ್ಬಾನ. ತಾಯಿ ಹಾಲು ಕುಡಿಯುವ ಕೂಸಿಗೆ ಹಾಲಿನ ಅರ್ಥ ಗೊತ್ತೇ ಎಂಬುದು ಅವರ ಕಡೆಯ ಸಮರ್ಥನೆ.

ಮಂಡ್ಯ: ಒಂದು ಊರು, ಎರಡು ಕಥೋಲಿಕ ಧರ್ಮಪ್ರಾಂತ

ಮಳವಳ್ಳಿಯಿಂದ ನಾಲೆಯ ನೀರುಂಡ ಗದ್ದೆಗಳ ನಡುವೆ ಹಾದು ಮಂಡ್ಯಕ್ಕೆ ಬಂದರೆ ಇನ್ನೊಂದು ಅಚ್ಚರಿ ಕಾದಿದೆ. ಇಲ್ಲಿನ ಕನ್ನಡ, ತಮಿಳು ಕಥೋಲಿಕರು ಲ್ಯಾಟಿನ್ ಪದ್ಧತಿಯ ಮೈಸೂರು ಧರ್ಮಪ್ರಾಂತಕ್ಕೆ ಸೇರಿದವರು. ಆದರೆ ಮಂಡ್ಯ ಎಂಬ ಹೆಸರಿನದೇ ಮತ್ತೊಂದು ಕಥೋಲಿಕ ಧರ್ಮಪ್ರಾಂತವೂ ಇದೆ. 2010ರ ಜನವರಿಯಲ್ಲಿ ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳು ಇದನ್ನು ಮಾನಂದವಾಡಿ ಧರ್ಮಪ್ರಾಂತದಿಂದ ಬೇರ್ಪಡಿಸಿ ಸಿರೋ ಮಲಬಾರ್ ಪದ್ಧತಿಯವರಿಗಾಗಿ ಸ್ಥಾಪಿಸಿದರು. 2015ರಲ್ಲಿ ಬೆಂಗಳೂರು ಪ್ರದೇಶವೂ ಇದರ ವ್ಯಾಪ್ತಿಗೆ ಬಂತು. ಸಕ್ಕರೆಯ ಊರಿನ ಹೆಸರು ಹೀಗೆ ರೋಮಿನ ಕಡತಗಳಲ್ಲಿ ಬಿಷಪ್ಪರ ಪೀಠದ ಹೆಸರಾಗಿಬಿಟ್ಟಿದೆ.

ಇಬ್ಬರೂ ಪೋಪರನ್ನು ಒಪ್ಪುವವರೇ. ಒಬ್ಬರ ಪ್ರಸಾದವನ್ನು ಇನ್ನೊಬ್ಬರು ಧಾರಾಳವಾಗಿ ಪಡೆಯಬಹುದು. ಆದರೂ ಪೂಜೆಯ ಹಾದಿ ಬೇರೆ. ಸಂತ ತೋಮನ ಪರಂಪರೆ ಎಂದು ಹೇಳಿಕೊಳ್ಳುವ ಸಿರೋ ಮಲಬಾರ್ ಜನ ಪೂರ್ವ ಸಿರಿಯಾದ ಅದ್ದಾಯಿ ಮತ್ತು ಮಾರಿ ಎಂಬ ಸಂತರ ಹೆಸರಿನ ಪ್ರಾರ್ಥನೆ ಬಳಸುತ್ತಾರೆ. ಕ್ರೈಸ್ತ ಜಗತ್ತಿನಲ್ಲಿ ಇಂದಿಗೂ ಬಳಕೆಯಲ್ಲಿರುವ ತೀರ ಹಳೆಯ ಪ್ರಾರ್ಥನೆಗಳಲ್ಲಿ ಇದೊಂದು. ಲ್ಯಾಟಿನ್ ಪದ್ಧತಿಯ ಪೂಜೆಯಲ್ಲಿ ಸಾಮಾನ್ಯ ಭಕ್ತರಿಗೆ ಬಹುತೇಕ ರೊಟ್ಟಿ ಮಾತ್ರ ಸಿಗುತ್ತದೆ. ಸಿರೋ ಮಲಬಾರ್ ಕುರ್ಬಾನದಲ್ಲಿ ಹಲವೆಡೆ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ನಾಲಿಗೆಯ ಮೇಲಿಡುತ್ತಾರೆ.

ಗುರುಗಳು ಯಾವ ಕಡೆ ಮುಖ ಮಾಡಿ ನಿಲ್ಲಬೇಕು? ಹೊರಗಿನವರಿಗೆ ಇದು ಕ್ಷುಲ್ಲಕ ಪ್ರಶ್ನೆ ಎನ್ನಿಸಬಹುದು. ಸಿರೋ ಮಲಬಾರ್ ಸಭೆಯಲ್ಲಿ ಇದೇ ದೊಡ್ಡ ಬಿರುಗಾಳಿ ಎಬ್ಬಿಸಿತು. ಮೊದಲರ್ಧ ಜನರ ಕಡೆ, ಅರ್ಪಣೆಯ ಭಾಗ ಪೀಠದ ಕಡೆ, ಪ್ರಸಾದ ಕೊಟ್ಟ ಮೇಲೆ ಮತ್ತೆ ಜನರ ಕಡೆ ಎಂಬ ಏಕರೂಪದ ಕ್ರಮವನ್ನು 2021ರ ನವೆಂಬರ್‌ನಿಂದ ಜಾರಿಗೆ ತರಲಾಯಿತು. ಎರ್ನಾಕುಲಂ–ಅಂಗಮಾಲಿ ಮಹಾಧರ್ಮಪ್ರಾಂತದಲ್ಲಿ ಪೂರ್ತಿ ಜನರ ಕಡೆ ತಿರುಗಿಯೇ ಪೂಜೆ ಮಾಡುವ ರೂಢಿಯಿದ್ದವರು ಇದನ್ನು ಒಪ್ಪಲಿಲ್ಲ. ಅಲ್ಲಿನ ಆಡಳಿತ ನೋಡುತ್ತಿದ್ದ ಆಂಟನಿ ಕರಿಯಿಲ್ ಅವರು 2022ರಲ್ಲಿ ರಾಜೀನಾಮೆ ಕೊಡಬೇಕಾಯಿತು. 2015ರಿಂದ 2019ರವರೆಗೆ ಅವರು ಮಂಡ್ಯದ ಬಿಷಪ್ಪರಾಗಿದ್ದವರು.

ಲ್ಯಾಟಿನ್ ಕಥೋಲಿಕರಲ್ಲೂ ಇಂಥ ತಿರುವು ಆಗಿದೆ, ಅರ್ಧ ಶತಮಾನದ ಹಿಂದೆ. ಎರಡನೇ ವ್ಯಾಟಿಕನ್ ಸಭೆ 1963ರಲ್ಲಿ ಆರಾಧನೆಯ ಸುಧಾರಣೆಗೆ ಒಪ್ಪಿದ ಮೇಲೆ ಲ್ಯಾಟಿನ್ ಭಾಷೆ ಹಿಂದೆ ಸರಿದು ಕನ್ನಡ ಬಂತು. ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ ಗುರುಗಳು ಜನರತ್ತ ತಿರುಗಿದರು. ಮಧ್ಯರಾತ್ರಿಯಿಂದ ತೊಟ್ಟು ನೀರನ್ನೂ ಮುಟ್ಟದೆ ಬರಬೇಕಿದ್ದ ಉಪವಾಸ ಹಂತಹಂತವಾಗಿ ಸಡಿಲಗೊಂಡು 1964ರ ಹೊತ್ತಿಗೆ ಒಂದು ಗಂಟೆಗೆ ಇಳಿಯಿತು. 1969ರಲ್ಲಿ ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಮಾರ್ಪಾಡುಗಳಿಗೆ ರೋಮ್ ಒಪ್ಪಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಇವೆಲ್ಲ ಅದರಲ್ಲಿ ಸೇರಿದ್ದವು. ಈ ಕೆಲಸದ ಮುಂದಾಳು ಡಿ. ಎಸ್. ಅಮಲೋರ್ಪವದಾಸ್. ಬೆಂಗಳೂರಿನಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ, ಬಳಿಕ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆರತಿಯನ್ನು ಮೆಚ್ಚಿದವರಿದ್ದರು. ಇದು ಹಿಂದೂ ಪೂಜೆಯಾಯಿತಲ್ಲ ಎಂದು ಗೊಣಗಿದ ಕ್ರೈಸ್ತರೂ ಇದ್ದರು.

ಸಿ.ಎಸ್.ಐ. ಕಥೆ ಕೂಡುವಿಕೆಯದು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಕಳೆದಾಗ, ಮದರಾಸಿನಲ್ಲಿ ಆಂಗ್ಲಿಕನರು, ಮೆಥೊಡಿಸ್ಟರು ಹಾಗೂ ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್–ಕಾಂಗ್ರಿಗೇಷನಲ್ ಸಭೆಗಳು ಸೇರಿ ಒಂದೇ ಸಭೆಯಾದವು. ಯಾರ ರೂಢಿಯನ್ನೂ ಬಲವಂತವಾಗಿ ಬಿಡಿಸುವುದಿಲ್ಲ ಎಂಬ ಮಾತು ಕೊಟ್ಟುಕೊಂಡೇ ಅವು ಕೂಡಿದ್ದು. 1950ರಲ್ಲಿ ಹೊಸ ಭೋಜನ ವಿಧಿ ಬಂತು. ಒಬ್ಬರ ಅಂಗೈಯಿಂದ ಇನ್ನೊಬ್ಬರ ಅಂಗೈಗೆ ಸಮಾಧಾನವನ್ನು ದಾಟಿಸುವ ಕ್ರಮವನ್ನು ಕೇರಳದ ಸಿರಿಯನ್ನರಿಂದ ತೆಗೆದುಕೊಂಡು ಅದರಲ್ಲಿ ಸೇರಿಸಿದರು. 1976ರಲ್ಲಿ ಹೆಂಗಸರಿಗೂ ಗುರುದೀಕ್ಷೆ ದೊರೆಯಿತು. ಆದ್ದರಿಂದ ಸಿ.ಎಸ್.ಐ. ಮೇಜಿನ ಮುಂದೆ ನಿಂತು ರೊಟ್ಟಿ ಮುರಿಯುವವರು ಹೆಣ್ಣುಮಗಳೂ ಆಗಿರಬಹುದು. ಕಥೋಲಿಕರಲ್ಲಿ ಅದು ಇಂದಿಗೂ ಆಗದ ಮಾತು.

ಗಂಜಾಂನ ಹಳೆಯ ಲೆಕ್ಕ

ಮಂಡ್ಯದಿಂದ ಮುಂದೆ ಅದೇ ಜಿಲ್ಲೆಯ ಶ್ರೀರಂಗಪಟ್ಟಣ. ಈ ಊಟ ಮೈಸೂರು ಸೀಮೆಯಲ್ಲಿ ಬೇರೂರಿದ ಜಾಗಗಳಲ್ಲಿ ಇದು ಮುಖ್ಯವಾದದ್ದು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1649ರ ಸುಮಾರಿಗೆ, ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಾಮಿ ಇಲ್ಲಿಗೆ ಬಂದು ಕನ್ನಡ ಕಲಿತು ಬೋಧಿಸಿದರು. ತಮಿಳು ನಾಡಿನಲ್ಲಿ ರಾಬರ್ಟೊ ದೆ ನೊಬಿಲಿ ತೋರಿದ ಮಾದರಿಯಲ್ಲಿ ಗುರುಗಳು ಸಂನ್ಯಾಸಿಗಳಂತೆ ಬಟ್ಟೆ ತೊಟ್ಟು, ಈ ನೆಲದ ಆಚಾರಗಳನ್ನು ಒಪ್ಪಿಕೊಂಡರು. ಇವತ್ತಿಗೂ ಹಳ್ಳಿಯ ಕಥೋಲಿಕರು ಪಾದ್ರಿಗಳನ್ನು 'ಸ್ವಾಮಿಗಳು' ಎನ್ನುವುದಕ್ಕೆ, ಈ ಊಟಕ್ಕೆ 'ಪ್ರಸಾದ' ಎಂಬ ಹೆಸರು ಒಗ್ಗಿದ್ದಕ್ಕೆ ಆ ಪರಂಪರೆಯ ನೆರಳಿದೆ.

ಆಚಾರ ಒಪ್ಪಿದರೆ ಜಾತಿಯನ್ನೂ ಒಪ್ಪಬೇಕಾಗುತ್ತದೆಯೇ? ಅಸಲು ಜಗಳ ಇಲ್ಲಿತ್ತು. ಮೇಲುಜಾತಿಯಿಂದ ಬಂದವರು ಕೆಳಜಾತಿಯವರೊಡನೆ ಕೂತು ಪ್ರಸಾದ ಪಡೆಯಲು ಒಪ್ಪರು. ರೋಮಿನವರೆಗೂ ದೂರು ಹೋಯಿತು. 1704ರಲ್ಲಿ ಒಂದು ಆಜ್ಞೆ, 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟರ ಅಂತಿಮ ತೀರ್ಪು. ಸ್ಥಳೀಯ ಆಚಾರಗಳಲ್ಲಿ ಹಲವನ್ನು ನಿಷೇಧಿಸಲಾಯಿತು. ಕಾಗದದ ಮೇಲಿನ ಆಜ್ಞೆಯಿಂದ ಜಾತಿ ಹೋಗಲಿಲ್ಲ. ತಿರುನಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಚರ್ಚಿನಲ್ಲಿ ಎರಡು ಜಾತಿಗಳ ನಡುವೆ ಗೋಡೆಯೇ ಇತ್ತು. ಅದು ಉರುಳಿದ್ದು ಇಪ್ಪತ್ತನೇ ಶತಮಾನದಲ್ಲಿ. ಪ್ರೊಟೆಸ್ಟೆಂಟರೇನೂ ಹಿಂದಿರಲಿಲ್ಲ. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದವನ್ನು ತಕ್ಷಣ ಕೈಬಿಡಬೇಕು, ಕರ್ತನ ಭೋಜನಕ್ಕೆ ಎಲ್ಲರೂ ಒಟ್ಟಾಗಿ ಬರಬೇಕು ಎಂದು ಆಜ್ಞೆ ಮಾಡಿದಾಗ ತಂಜಾವೂರು, ವೇಪೇರಿಗಳಲ್ಲಿ ಎಷ್ಟೋ ಮಂದಿ ಸಭೆಯನ್ನೇ ಬಿಟ್ಟರು. ಭಾರತದ ಕಥೋಲಿಕ ಬಿಷಪ್ಪರು 2016ರಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಹೊರತಂದು, ಸಭೆಯೊಳಗೆ ಅಸ್ಪೃಶ್ಯತೆ ಇನ್ನೂ ಇದೆ ಎಂದು ಒಪ್ಪಿಕೊಂಡರು. ಪಂಕ್ತಿಭೇದ ಈ ನೆಲದ ಹಳೆಯ ರೋಗ. ಇದೇ ಜಿಲ್ಲೆಯ ಮೇಲುಕೋಟೆಯಲ್ಲಿ ರಾಮಾನುಜರು ತಿರುಕುಲದವರಿಗೆ ಗುಡಿಯ ಬಾಗಿಲು ತೆರೆಸಿದರೆಂಬ ನೆನಪಿದ್ದರೂ ಅದು ಉಳಿದದ್ದು ವರ್ಷದ ಕೆಲವೇ ದಿನಗಳ ಹಕ್ಕಾಗಿ. ಏಸುವಿನ ಮೇಜಿಗೂ ಆ ರೋಗ ಅಂಟಿತು.

ಗಂಜಾಂನಲ್ಲಿ ಅಬ್ಬೆ ದುಬುವಾ ಅವರ ಹೆಸರಿನಿಂದ ಜನ ಗುರುತಿಸುವ ಹಳೆಯ ಚರ್ಚಿದೆ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯಿಂದ ಸೆರೆಹಿಡಿದು ತಂದ ಕಥೋಲಿಕರು ಶ್ರೀರಂಗಪಟ್ಟಣದಲ್ಲಿ ಹದಿನೈದು ವರ್ಷ ಕಳೆದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಫ್ರಾನ್ಸಿನ ಈ ಗುರು ಬಂದರು. ಬಲವಂತದಿಂದ ಮತ ಬದಲಿಸಿದ್ದವರನ್ನು ಮತ್ತೆ ಸೇರಿಸಿಕೊಳ್ಳುವುದು ಅವರ ಮೊದಲ ಕೆಲಸಗಳಲ್ಲೊಂದು. ಪಾಪನಿವೇದನೆ ಕೇಳಿ, ಪ್ರಾಯಶ್ಚಿತ್ತ ಹೇಳಿ, ಮತ್ತೆ ಪ್ರಸಾದದ ಸಾಲಿಗೆ ಕರೆಯುವುದು. ಹದಿನೈದು ವರ್ಷ ಆ ರೊಟ್ಟಿಯಿಂದ ದೂರವಿದ್ದವರಿಗೆ ಅದು ಬರೀ ವಿಧಿಯಾಗಿ ಕಂಡಿರಲಾರದು.

ಜನ 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದ ದುಬುವಾ ಈ ದೇಶದವರ ಊಟ–ಉಡುಗೆಗಳನ್ನೇ ರೂಢಿಸಿಕೊಂಡಿದ್ದರು. ಸಿಡುಬಿನ ಲಸಿಕೆಯನ್ನು ಪ್ರಚಾರ ಮಾಡಿದರು. ಆದರೂ 1823ರಲ್ಲಿ ಊರಿಗೆ ಮರಳುವಾಗ ನಿರಾಶರಾಗಿದ್ದರು. ಆ ವರ್ಷ ಪ್ರಕಟವಾದ ಪತ್ರಗಳಲ್ಲಿ ಅವರು ಎತ್ತಿದ ಒಂದು ಪ್ರಶ್ನೆ ಊಟದ್ದೇ. ಬೈಬಲ್ಲಿನಲ್ಲಿ ಅತಿಥಿಗಾಗಿ ಕರು ಕಡಿಸುವ ಪ್ರಸಂಗವನ್ನು ಇಲ್ಲಿಯ ಸದ್ಗೃಹಸ್ಥ ಓದಿದರೆ ಮೊದಲು ಹುಟ್ಟುವುದು ಜಿಗುಪ್ಸೆ ಎಂದರು. ಒಂದು ಜನದ ಧರ್ಮ ಅವರ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಡುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಮಧ್ಯಾಹ್ನದ ಊಟ

ಈ ಎಲ್ಲ ಜಗಳಕ್ಕೂ ಹಳೆಯದೊಂದು ಜಗಳವಿದೆ. ಕ್ರಿಸ್ತನ ಕಾಲದಿಂದ ಇಪ್ಪತ್ತೈದು ವರ್ಷವೂ ಕಳೆಯುವ ಮುನ್ನ ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಸಂತ ಪೌಲ ಬರೆದ ಕಾಗದದಲ್ಲಿ ಅದು ದಾಖಲಾಗಿದೆ. ಅಲ್ಲಿ ರೊಟ್ಟಿ ಶರೀರವೋ ಸಂಕೇತವೋ ಎಂಬ ಚರ್ಚೆಯಿಲ್ಲ. ಹುಳಿ ಹಿಟ್ಟೋ ಅಲ್ಲವೋ ಎಂಬುದಿಲ್ಲ. ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ತಿಂದು ಕುಡಿಯುತ್ತಾರೆ, ದುಡಿದು ತಡವಾಗಿ ಬಂದ ಬಡವರು ಹಸಿದೇ ಉಳಿಯುತ್ತಾರೆ, ಇದು ಕರ್ತನ ಭೋಜನವೇ ಅಲ್ಲ ಎಂಬುದು ಪೌಲನ ಸಿಟ್ಟು.

ವಿದ್ವಾಂಸರು ಒಟ್ಟಿಗೆ ಕೂತಿಲ್ಲವೆಂದಲ್ಲ. 1982ರಲ್ಲಿ ಪೆರು ದೇಶದ ಲೀಮಾದಲ್ಲಿ ನಾನಾ ಸಭೆಗಳ ಪಂಡಿತರು ಸೇರಿ ಈ ಊಟದ ಬಗ್ಗೆ ಒಪ್ಪಬಹುದಾದ ಮಾತುಗಳನ್ನು ಬರೆದಿಟ್ಟರು. ಆದರೆ ಕಾಗದದ ಒಪ್ಪಂದ ಮಳವಳ್ಳಿಯ ಬೆಂಚಿನವರೆಗೆ ಇಳಿದು ಬಂದಿಲ್ಲ. ಸೊಸೆ ಎದ್ದು ಸಾಲಿನಲ್ಲಿ ಹೋಗುತ್ತಾಳೆ, ಗಂಡ ಕೂತಿರುತ್ತಾನೆ. ಮುಂದಿನ ವಾರ ಅವನು ಹೋಗುತ್ತಾನೆ, ಅವಳು ಕೂತಿರುತ್ತಾಳೆ.

ಮಧ್ಯಾಹ್ನವಾಗುತ್ತದೆ. ಪೂಜೆ, ಸಭೆ, ಕೂಟ, ಕುರ್ಬಾನ ಎಲ್ಲ ಮುಗಿಸಿ ಬೆಳಿಗ್ಗೆ ಬೇರೆ ಬೇರೆ ಬೀದಿ ಹಿಡಿದವರು ಅದೇ ಬಸ್ ನಿಲ್ದಾಣಕ್ಕೆ ಮರಳುತ್ತಾರೆ. ಮನೆಯಲ್ಲಿ ಒಲೆ ಹೊತ್ತಿದೆ, ರಾಗಿ ಮುದ್ದೆ ತೊಳೆಸಿಟ್ಟಿದೆ, ಭಾನುವಾರದ ಸಾರು ಕುದಿದಿದೆ. ಅಣ್ಣ, ತಮ್ಮ, ಅತ್ತೆ, ಸೊಸೆ ಒಂದೇ ಸಾಲಿನಲ್ಲಿ ಚಾಪೆಯ ಮೇಲೆ ಕೂರುತ್ತಾರೆ. ಯಾರೋ ಒಬ್ಬರು ಕಣ್ಣು ಮುಚ್ಚಿ ಎರಡು ಮಾತಿನ ಪ್ರಾರ್ಥನೆ ಹೇಳುತ್ತಾರೆ. ಎಲ್ಲರೂ ಆಮೆನ್ ಎನ್ನುತ್ತಾರೆ. ಒಂದೇ ಪಾತ್ರೆಯಿಂದ ಸಾರು ಬಡಿಸಲಾಗುತ್ತದೆ. ಅಲ್ಲಿ ಯಾರಿಗೂ ಟಿಕೆಟ್ ಕೇಳುವುದಿಲ್ಲ.